ದಿಗ್ಬಂಧನದಿಂದ ಯುದ್ಧ ನಿಲ್ಲುತ್ತದೆಯೇ? ಗೋವಾದ ಅನುಭವ, ರಷ್ಯಾದ ಲೆಕ್ಕ

[ದೃಶ್ಯ: ಕ್ಯಾಸಲ್‌ರಾಕ್ ನಿಲ್ದಾಣ, ದೂಧ್‌ಸಾಗರದತ್ತ ಇಳಿಯುವ ರೈಲುಹಳಿ]

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮರ್ಮಗೋವಾ ಬಂದರನ್ನು ಸೇರುವ ಈ ಮಾರ್ಗದಲ್ಲಿ 1955ರಲ್ಲಿ ಗಡಿ ದಾಟುವ ರೈಲುಗಳು ನಿಂತವು. ಆ ವರ್ಷದ ಆಗಸ್ಟ್ 15ರಂದು ಗೋವಾದ ಗಡಿಯೊಳಗೆ ಕಾಲಿಟ್ಟ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿ 20ಕ್ಕೂ ಹೆಚ್ಚು ಮಂದಿಯನ್ನು ಕೊಂದಿದ್ದರು. ಭಾರತ ಸರ್ಕಾರ ಅದಕ್ಕೂ ಮೊದಲೇ ಆರಂಭಿಸಿದ್ದ ವ್ಯಾಪಾರ ನಿರ್ಬಂಧಗಳನ್ನು ಬಿಗಿಗೊಳಿಸಿತು. ಸರಕು, ಪ್ರಯಾಣ, ಹಣದ ರವಾನೆ ಎಲ್ಲಕ್ಕೂ ತಡೆ ಬಿತ್ತು. ಗೋವಾವನ್ನು ಮೂರು ಕಡೆಯಿಂದ ಸುತ್ತುವರಿದಿರುವ ದೇಶವೇ ಬಾಗಿಲು ಹಾಕಿದ ಮೇಲೆ ಗೋವಾವನ್ನು ಆಳುತ್ತಿದ್ದ ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ ಮಣಿಯದೆ ಬೇರೆ ದಾರಿಯಿಲ್ಲ ಎಂಬ ನಿರೀಕ್ಷೆ ಸಹಜವಾಗಿತ್ತು.

ಆದದ್ದೇ ಬೇರೆ. ಗೋವಾಕ್ಕೆ ಮೂರು ಕಡೆ ಭಾರತವಿದ್ದರೂ ನಾಲ್ಕನೆಯ ಕಡೆ ಸಮುದ್ರವಿತ್ತು. ಆಲೂಗಡ್ಡೆ ನೆದರ್ಲೆಂಡ್ಸ್‌ನಿಂದ, ಅಕ್ಕಿ ಪಾಕಿಸ್ತಾನದಿಂದ, ಚಹಾ ಸಿಲೋನಿನಿಂದ, ಸಿಮೆಂಟ್ ಜಪಾನಿನಿಂದ ಬರತೊಡಗಿದವು. ದಾಬೋಲಿಂ ವಿಮಾನ ನಿಲ್ದಾಣ ಸಿದ್ಧವಾದದ್ದೂ, ಗೋವಾಕ್ಕೆ ತನ್ನದೇ ವಿಮಾನ ಸಂಸ್ಥೆ ಬಂದದ್ದೂ ಇದೇ ಕಾಲದಲ್ಲಿ. ಈ ಆಮದಿಗೆಲ್ಲ ಹಣ ಒದಗಿಸಿದ್ದು ಕಬ್ಬಿಣದ ಅದಿರು. ಯುದ್ಧಾನಂತರ ಉಕ್ಕಿನ ಕಾರ್ಖಾನೆಗಳನ್ನು ಮತ್ತೆ ಕಟ್ಟುತ್ತಿದ್ದ ಜಪಾನ್ ಮತ್ತು ಪಶ್ಚಿಮ ಜರ್ಮನಿಗಳು ಅದನ್ನು ಕೊಳ್ಳುತ್ತಿದ್ದುದರಿಂದ, ದಿಗ್ಬಂಧನದ ವರ್ಷಗಳಲ್ಲಿಯೇ ಅದಿರಿನ ರಫ್ತು ಹಲವು ಪಟ್ಟು ಬೆಳೆಯಿತು.

ಪೆಟ್ಟು ತಿಂದವರೂ ಇದ್ದರು. ಮುಂಬಯಿಯಲ್ಲಿ ದುಡಿದು ಮನೆಗೆ ಹಣ ಕಳಿಸುತ್ತಿದ್ದ ಸಾವಿರಾರು ಗೋವನ್ನರ ಕುಟುಂಬಗಳಿಗೆ ಆ ಹಣ ಸುಗಮವಾಗಿ ತಲುಪದಾಯಿತು. ಇಂದು ವಾಸ್ಕೋದಲ್ಲಿಯೋ ಮಡಗಾಂವಿನಲ್ಲಿಯೋ ದುಡಿದು ಗದಗ, ಬಾಗಲಕೋಟೆ, ವಿಜಯಪುರದ ಮನೆಗಳಿಗೆ ತಿಂಗಳು ತಿಂಗಳು ಹಣ ಕಳಿಸುವ ನಮ್ಮ ವೀಕ್ಷಕರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಿ ಮಾಲೀಕರ ವ್ಯವಹಾರ ಬೆಳೆಯಿತು, ಮನಿ ಆರ್ಡರಿಗಾಗಿ ಕಾದವರು ಸೊರಗಿದರು, ಲಿಸ್ಬನ್ನಿನ ನಿಲುವು ಮಾತ್ರ ಕದಲಲಿಲ್ಲ. ಕೊನೆಗೆ 1961ರ ಡಿಸೆಂಬರ್‌ನಲ್ಲಿ ಭಾರತೀಯ ಸೇನೆ ಒಳನುಗ್ಗಿದಾಗ, ಡಿಸೆಂಬರ್ 19ರ ಹೊತ್ತಿಗೆ, ಎರಡು ದಿನವೂ ತುಂಬುವ ಮೊದಲೇ, ಪೋರ್ಚುಗೀಸ್ ಆಡಳಿತ ಮುಗಿದಿತ್ತು.

[ಪರದೆಯ ಮೇಲೆ: ಸಾಲಾಜಾರ್, 1944 ಮತ್ತು 1955]

ಇಷ್ಟನ್ನೇ ನೋಡಿ ದಿಗ್ಬಂಧನ ನಿಷ್ಪ್ರಯೋಜಕ ಎಂದು ತೀರ್ಮಾನಿಸುವವರಿದ್ದಾರೆ. ಆದರೆ ಗೋವಾದ ವಿಷಯದಲ್ಲಿ ಜಗ್ಗದ ಪೋರ್ಚುಗಲ್‌ನ ಇದೇ ಸರ್ವಾಧಿಕಾರಿ ಸಾಲಾಜಾರ್, ಹನ್ನೊಂದು ವರ್ಷಗಳ ಹಿಂದೆ ಇನ್ನೊಂದು ಒತ್ತಡಕ್ಕೆ ಮಣಿದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿತ್ತು. ಟಂಗ್‌ಸ್ಟನ್ ಲೋಹದ ಅದಿರಾದ ವುಲ್ಫ್ರಮ್ ಅಲ್ಲಿ ಹೇರಳವಾಗಿತ್ತು. ಗಟ್ಟಿ ಉಕ್ಕನ್ನು ಕತ್ತರಿಸುವ ಉಪಕರಣಗಳಿಗೂ ಟ್ಯಾಂಕಿನ ಕವಚ ಭೇದಿಸುವ ಗುಂಡುಗಳಿಗೂ ಅದು ಅನಿವಾರ್ಯ. ಸಮುದ್ರಮಾರ್ಗ ಮುಚ್ಚಿಹೋಗಿದ್ದ ಜರ್ಮನಿಗೆ ಪೋರ್ಚುಗಲ್ ಮತ್ತು ಸ್ಪೇನ್ ಬಿಟ್ಟರೆ ಅದು ದೊಡ್ಡ ಪ್ರಮಾಣದಲ್ಲಿ ಸಿಗುವ ಜಾಗ ಉಳಿದಿರಲಿಲ್ಲ. ಬ್ರಿಟನ್ ಮತ್ತು ಅಮೆರಿಕ ಮೊದಲು ತಮಗೆ ಬೇಕಾದುದಕ್ಕಿಂತ ಹೆಚ್ಚು ಅದಿರನ್ನು ಕೊಂಡು ಜರ್ಮನಿಯ ಕೈಗೆ ಹೋಗದಂತೆ ನೋಡಿಕೊಂಡವು. 1944ರ ಆರಂಭದಲ್ಲಿ ಸ್ಪೇನಿಗೆ ಹೋಗುವ ತೈಲವನ್ನು ನಿಲ್ಲಿಸಿದಾಗ, ಮೇ ತಿಂಗಳಲ್ಲಿ ಸ್ಪೇನ್ ಜರ್ಮನಿಗೆ ಕೊಡುವ ಅದಿರನ್ನು ತೀವ್ರವಾಗಿ ಕಡಿತಗೊಳಿಸಲು ಒಪ್ಪಿತು. ಜೂನ್‌ನಲ್ಲಿ ಪೋರ್ಚುಗಲ್ ರಫ್ತನ್ನೇ ನಿಲ್ಲಿಸಿತು. ಜರ್ಮನಿ ಸೋಲುತ್ತಿದೆ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು, ಅದೂ ಈ ಫಲಿತಾಂಶಕ್ಕೆ ನೆರವಾಯಿತು ಎಂಬುದನ್ನು ಮರೆಯಬಾರದು.

ಆಳಿದವರು ಒಬ್ಬರೇ, ಎರಡು ಒತ್ತಡಗಳ ಫಲ ಮಾತ್ರ ಬೇರೆ ಬೇರೆ. ನನಗೆ ಈ ಹೋಲಿಕೆಯೇ ಇಡೀ ವಿಷಯದ ಕೀಲಿಕೈ ಎನಿಸುತ್ತದೆ. 1944ರಲ್ಲಿ ಕೇಳಿದ್ದು ಒಂದು ಖನಿಜದ ಮಾರಾಟವನ್ನು ನಿಲ್ಲಿಸಿ ಎಂದು ಮಾತ್ರ. ಬ್ರಿಟನ್ನಿನೊಂದಿಗೆ ಹದಿನಾಲ್ಕನೆಯ ಶತಮಾನದಿಂದ ಬಂದಿದ್ದ ಮೈತ್ರಿಯನ್ನು ಗೌರವಿಸಿದೆವು ಎಂದು ಹೇಳಿ ಮರ್ಯಾದೆ ಉಳಿಸಿಕೊಳ್ಳಲು ಅವರಿಗೆ ಅವಕಾಶವಿತ್ತು. 1955ರಲ್ಲಿ ಭಾರತ ಕೇಳಿದ್ದು ಇಡೀ ಪ್ರದೇಶವನ್ನು. ಕೇಳುವ ಸಂಪೂರ್ಣ ಹಕ್ಕು ಭಾರತಕ್ಕಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಗೋವಾ ಕೈಬಿಟ್ಟರೆ ಆಫ್ರಿಕಾದ ತನ್ನ ವಸಾಹತುಗಳಾದ ಅಂಗೋಲಾ, ಮೊಜಾಂಬಿಕ್‌ಗಳೂ ಕೈತಪ್ಪುತ್ತವೆ ಎಂದು ಅಂಜುತ್ತಿದ್ದ ಆಡಳಿತವನ್ನು ಒಪ್ಪಿಸಲು ಆಲೂಗಡ್ಡೆಯ ಅಭಾವ ಸಾಕಾಗುವುದಿಲ್ಲ. ಹಾಗಾಗಿ ಒತ್ತಡದ ಫಲ ಅದರ ಕಠೋರತೆಗಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಅವಲಂಬಿಸುತ್ತದೆ: ತಡೆದ ವಸ್ತು ಬೇರೆಡೆ ಸಿಗುತ್ತದೆಯೇ, ಮತ್ತು ಕೇಳುತ್ತಿರುವುದನ್ನು ಕೊಟ್ಟೂ ಎದುರಾಳಿ ಅಧಿಕಾರದಲ್ಲಿ ಉಳಿಯಬಲ್ಲನೇ.

[ಪರದೆಯ ಮೇಲೆ: ಸೂಯೆಜ್ ಕಾಲುವೆಯ ನಕ್ಷೆ, 1956]

1956ರ ಸೂಯೆಜ್ ಪ್ರಸಂಗದಲ್ಲಿ ಈ ಎರಡೂ ಕೂಡಿಬಂದವು. ಈಜಿಪ್ಟಿನ ಮೇಲೆ ದಂಡೆತ್ತಿದ ಬ್ರಿಟನ್ನಿನ ಪೌಂಡ್ ಕುಸಿಯತೊಡಗಿದಾಗ, ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಸಿಗದಂತೆ ಅಮೆರಿಕ ತಡೆದು ನಿಂತಿತು. ಡಾಲರಿಗೆ ಬದಲಿಯಿರಲಿಲ್ಲ, ಕೇಳಿದ್ದು ಸೈನ್ಯ ಹಿಂತೆಗೆಯಿರಿ ಎಂಬುದನ್ನು ಮಾತ್ರ. ನವೆಂಬರ್ 6ರಂದು ಕದನವಿರಾಮವಾಯಿತು, ಡಿಸೆಂಬರ್‌ನೊಳಗೆ ಸೈನ್ಯ ಮರಳಿತು. ಮಿತ್ರನ ಮುನಿಸು ಶತ್ರುವಿನ ನಿರ್ಬಂಧಕ್ಕಿಂತ ಬೇಗ ಕೆಲಸ ಮಾಡುತ್ತದೆ, ಏಕೆಂದರೆ ಮಿತ್ರನನ್ನು ನಂಬಿ ಕಟ್ಟಿಕೊಂಡ ವ್ಯವಸ್ಥೆಗೆ ಬದಲಿಯನ್ನು ಯಾರೂ ಹುಡುಕಿಟ್ಟುಕೊಂಡಿರುವುದಿಲ್ಲ.

ಬದಲಿ ಇಲ್ಲದ ವಸ್ತುವನ್ನು ತಡೆದು, ಹೊರಬರುವ ದಾರಿಯನ್ನೂ ಮುಚ್ಚಿದರೆ ಏನಾಗಬಹುದು ಎಂಬುದನ್ನು 1941 ತೋರಿಸಿತು. ತನ್ನ ತೈಲದ ಸುಮಾರು ಶೇ. 80 ಭಾಗಕ್ಕೆ ಜಪಾನ್ ಅಮೆರಿಕವನ್ನೇ ನೆಚ್ಚಿಕೊಂಡಿತ್ತು. ಜುಲೈ 26ರಂದು ಅಮೆರಿಕ ಜಪಾನಿನ ಆಸ್ತಿಗಳನ್ನು ಸ್ತಂಭನಗೊಳಿಸಿತು, ಅದರ ಬೆನ್ನಿಗೇ ತೈಲ ನಿಂತಿತು. ಚೀನಾದಿಂದ ಹಿಂದೆ ಸರಿಯುವುದನ್ನು ಅವಮಾನವೆಂದು ಭಾವಿಸಿದ ಜಪಾನಿನ ಸೇನಾಧಿಕಾರಿಗಳು, ದಾಸ್ತಾನು ಖಾಲಿಯಾಗುವ ಮೊದಲು ಡಚ್ ಈಸ್ಟ್ ಇಂಡೀಸಿನ ತೈಲವನ್ನು ಕಸಿದುಕೊಳ್ಳಲು ನಿರ್ಧರಿಸಿ, ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಎರಗಿದರು. ದಿಗ್ಬಂಧನ ಚುರುಕಾಗಿಯೇ ತಟ್ಟಿತ್ತು. ಯುದ್ಧ ಮಾತ್ರ ನಿಲ್ಲುವ ಬದಲು ಹರಡಿತು. ಇದಕ್ಕೆ ತದ್ವಿರುದ್ಧವಾದುದು 1935ರಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ, ಇಥಿಯೋಪಿಯಾದ ಮೇಲೆ ದಂಡೆತ್ತಿದ ಇಟಲಿಯ ಮೇಲೆ ಹೇರಿದ ನಿರ್ಬಂಧ: ತೈಲವನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ, ಸೂಯೆಜ್ ಕಾಲುವೆಯನ್ನು ಮುಚ್ಚಲಿಲ್ಲ, ಮರುವರ್ಷದ ಮೇ ತಿಂಗಳಲ್ಲಿ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ ಇಟಲಿಯ ವಶವಾಯಿತು.

[ದೃಶ್ಯ: ಮರ್ಮಗೋವಾ ಬಂದರು, ನಂತರ ತೈಲ ಹಡಗುಗಳ ನಕ್ಷೆ]

ಈಗ ರಷ್ಯಾಕ್ಕೆ ಬರೋಣ. 2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ಆಕ್ರಮಣ ನಡೆದ ಕೆಲವೇ ದಿನಗಳಲ್ಲಿ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಮೀಸಲು ನಿಧಿಯನ್ನು ಪಾಶ್ಚಾತ್ಯ ದೇಶಗಳು ಸ್ತಂಭನಗೊಳಿಸಿದವು. ಅಲ್ಲಿನ ಬಡ್ಡಿದರ ಶೇ. 20ಕ್ಕೆ ಏರಿತು, ರೂಬಲ್ ಕುಸಿಯಿತು. ಆದರೆ ಕೆಲವೇ ತಿಂಗಳಲ್ಲಿ ರೂಬಲ್ ಚೇತರಿಸಿಕೊಂಡಿತು, ಏಕೆಂದರೆ ತೈಲ ಮಾರಾಟ ನಿಂತಿರಲಿಲ್ಲ. ಯುದ್ಧಕ್ಕೆ ಮೊದಲು ಭಾರತದ ಕಚ್ಚಾತೈಲ ಆಮದಿನಲ್ಲಿ ರಷ್ಯಾದ ಪಾಲು ಶೇ. 2ರಷ್ಟೂ ಇರಲಿಲ್ಲ, ಎರಡು ವರ್ಷಗಳೊಳಗೆ ಅದು ಮೂರನೆಯ ಒಂದು ಭಾಗವನ್ನು ಮೀರಿತು. ಇದು ಕದ್ದುಮುಚ್ಚಿ ನಡೆದ ವ್ಯಾಪಾರವಲ್ಲ. 2022ರ ಡಿಸೆಂಬರ್ 5ರಂದು ಜಾರಿಗೆ ಬಂದ, ರಷ್ಯಾದ ತೈಲಕ್ಕೆ ಪಾಶ್ಚಾತ್ಯ ದೇಶಗಳು ಗೊತ್ತುಪಡಿಸಿದ ಬ್ಯಾರೆಲ್‌ಗೆ 60 ಡಾಲರ್ ಬೆಲೆಮಿತಿಯ ಉದ್ದೇಶವೇ ತೈಲ ಹರಿಯುತ್ತಿರಲಿ, ಲಾಭ ಮಾತ್ರ ತಗ್ಗಲಿ ಎಂಬುದಾಗಿತ್ತು. ಅದೇ ಖರೀದಿಗಾಗಿ 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ. 25 ಹೆಚ್ಚುವರಿ ಸುಂಕ ಹೇರಿದ್ದು ನನಗೆ ನ್ಯಾಯವೆನಿಸುವುದಿಲ್ಲ.

ಹಾಗೆಂದು ರಷ್ಯಾಕ್ಕೆ ಏನೂ ತಟ್ಟಿಲ್ಲ ಎನ್ನುವುದೂ ತಪ್ಪು. 2023ರ ಮೇ ತಿಂಗಳಲ್ಲಿ ನಮ್ಮ ಗೋವಾದ ಬೆನೌಲಿಮ್‌ನಲ್ಲಿ ಶಾಂಘೈ ಸಹಕಾರ ಸಂಘಟನೆಯ ವಿದೇಶಾಂಗ ಸಚಿವರ ಸಭೆ ನಡೆದಾಗ, ಭಾರತದ ಬ್ಯಾಂಕುಗಳಲ್ಲಿ ಶತಕೋಟಿಗಟ್ಟಲೆ ರೂಪಾಯಿ ಸೇರಿಕೊಂಡಿದೆ, ಅದನ್ನು ಬಳಸಲಾಗುತ್ತಿಲ್ಲ ಎಂದು ರಷ್ಯಾದ ಸಚಿವ ಲಾವ್ರೊವ್ ಅವರೇ ಹೇಳಿದರು. ಮಾರಿದ ಸರಕಿನ ಹಣ ಬೇಕಾದ ನಾಣ್ಯಕ್ಕೆ ಬದಲಾಗದಿದ್ದರೆ ಆ ವ್ಯಾಪಾರದ ಅರ್ಧ ಫಲ ಹೋದಂತೆಯೇ ಸರಿ. ಆ ವರ್ಷದ ಡಿಸೆಂಬರ್‌ನಲ್ಲಿ, ರಷ್ಯಾದ ಸೇನಾ ಉದ್ಯಮಕ್ಕೆ ನೆರವಾಗುವ ಪರದೇಶಿ ಬ್ಯಾಂಕುಗಳನ್ನೂ ದಂಡಿಸುವುದಾಗಿ ಅಮೆರಿಕ ಎಚ್ಚರಿಸಿದ ಮೇಲೆ ಚೀನಾ, ಟರ್ಕಿ, ಯುಎಇಗಳ ಬ್ಯಾಂಕುಗಳು ರಷ್ಯಾದ ಪಾವತಿಗಳನ್ನು ತಡವಾಗಿಸಿದವು, ಕೆಲವು ತಿರಸ್ಕರಿಸಿದವು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಬಡ್ಡಿದರ ಶೇ. 21 ಮುಟ್ಟಿತು. ಯುದ್ಧ ದುಬಾರಿಯಾಯಿತು, ಯಂತ್ರೋಪಕರಣ ತರುವ ದಾರಿ ಸುತ್ತುಬಳಸಾಯಿತು; ಆದರೆ ಸೋಲನ್ನು ಒಪ್ಪಿಕೊಂಡಂತೆ ಕಾಣುವ ಬೇಡಿಕೆಗೆ ಮಾಸ್ಕೋ ಮಣಿಯಲಿಲ್ಲ.

ಇಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಾಮಾನ್ಯ ಜನರ ಪಾಡು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ಬ್ರಿಟನ್ ಹೇರಿದ ನೌಕಾ ದಿಗ್ಬಂಧನ ಗುಂಡಿನ ಸದ್ದು ನಿಂತ ಮೇಲೂ, 1919ರ ಜುಲೈವರೆಗೆ ಮುಂದುವರಿಯಿತು. ಹಸಿವಿನಿಂದ ನರಳಿದವರು ಯುದ್ಧ ಸಾರಿದವರಲ್ಲ. ಕುವೈತನ್ನು ಆಕ್ರಮಿಸಿದ್ದಕ್ಕಾಗಿ 1990ರ ಆಗಸ್ಟ್ 6ರಂದು ಇರಾಕಿನ ಮೇಲೆ ಹೇರಿದ ನಿರ್ಬಂಧದಿಂದ ಕುವೈತ್ ಬಿಡುಗಡೆಯಾಗಲಿಲ್ಲ, ಅದು ಸೈನಿಕ ಕಾರ್ಯಾಚರಣೆಯಿಂದ ಆಯಿತು. ಆದರೂ ನಿರ್ಬಂಧ ಮುಂದಿನ ಹನ್ನೆರಡು ವರ್ಷ ಇರಾಕಿನ ಆಸ್ಪತ್ರೆ, ಅಡುಗೆಮನೆಗಳನ್ನು ಹಿಂಡಿತು. ತೈಲ ಮಾರಿ ಆಹಾರ ಕೊಳ್ಳುವ ಯೋಜನೆ ಆರಂಭವಾದದ್ದು 1996ರ ಕೊನೆಗೆ.

2022ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2664ನೆಯ ನಿರ್ಣಯದ ಮೂಲಕ, ತಾನು ವಿಧಿಸುವ ಆಸ್ತಿ ಸ್ತಂಭನಗಳಿಂದ ಮಾನವೀಯ ನೆರವಿಗೆ ವಿನಾಯಿತಿ ನೀಡಿತು. ಹದಿನಾಲ್ಕು ದೇಶಗಳು ಬೆಂಬಲಿಸಿದವು. ಭಯೋತ್ಪಾದಕ ಗುಂಪುಗಳು ಅದನ್ನು ದುರ್ಬಳಕೆ ಮಾಡಿಕೊಳ್ಳುತ್ತವೆ ಎಂಬ ಆತಂಕದಿಂದ ಭಾರತ ಮತದಾನದಿಂದ ದೂರ ಉಳಿಯಿತು. ನೆರೆಯಿಂದ ಬರುವ ಭಯೋತ್ಪಾದನೆಯನ್ನು ಕಂಡ ದೇಶದ ಆತಂಕಕ್ಕೆ ಆಧಾರವಿದೆ. ಆದರೆ ಆ ವಿನಾಯಿತಿ ನೆರವು ಸಂಸ್ಥೆಗಳ ಕೆಲಸಕ್ಕಾಗಿ ಇರುವಂಥದ್ದು. ಪರಊರಿನಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣಕ್ಕೂ ಮಾಸಿಕ ಮಿತಿಯೊಂದನ್ನು ಗೊತ್ತುಪಡಿಸಿ, ಕಳಿಸುವವರ ಮತ್ತು ಪಡೆಯುವವರ ಗುರುತನ್ನು ಪರಿಶೀಲಿಸಿ, ದಿಗ್ಬಂಧನದ ಮೊದಲ ದಿನದಿಂದಲೇ ದಾರಿ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಆ ಮೊತ್ತವನ್ನು ತಡೆದು ಯಾವ ಸೇನೆಯೂ ಗುಂಡುಗಳಿಲ್ಲದೆ ನಿಂತ ಉದಾಹರಣೆ ನನಗೆ ಕಂಡಿಲ್ಲ.