ಇಬ್ಬರು, ಒಂದು ಆರ್ಗನ್, ಒಂದು ಗಿಟಾರ್: ಬೀಚ್ ಹೌಸ್ ನಡೆದು ಬಂದ ದಾರಿ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಇಬ್ಬರ ಬ್ಯಾಂಡ್ ಬೀಚ್ ಹೌಸ್ ಹೆಸರೆತ್ತಿದರೆ ಸಾಕು, ಒಂದು ದೂರು ಬಂದೇ ಬರುತ್ತದೆ: ಇವರ ಹಾಡೆಲ್ಲ ಒಂದೇ ಥರ. ದೂರು ಪೂರ್ತಿ ಸುಳ್ಳೇನಲ್ಲ. ಆದರೆ 2006ರಿಂದ 2022ರೊಳಗೆ ಇದೇ ಇಬ್ಬರು 8 ಆಲ್ಬಂ ಮಾಡಿದ್ದಾರೆ, ಜೊತೆ ಮುರಿದಿಲ್ಲ. ಆ 'ಒಂದೇ ಥರ'ವನ್ನು ಅವರು ಹೇಗೆ ಕಾಪಾಡಿಕೊಂಡರು, ಅದು ಎಲ್ಲಿ ಕೈತಪ್ಪತೊಡಗಿತು, ಕೊನೆಗೆ ಯಾವಾಗ ಅವರೇ ಅದನ್ನು ಸಡಿಲ ಬಿಟ್ಟರು ಎಂಬುದನ್ನು ಇವತ್ತು ನೋಡೋಣ.

ವಿಕ್ಟೋರಿಯಾ ಲಗ್ರಾಂಡ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ಸಿನಿಮಾ ಸಂಗೀತ ನಿರ್ದೇಶಕ ಮಿಶೆಲ್ ಲಗ್ರಾಂಡ್ ಆಕೆಗೆ ಚಿಕ್ಕಪ್ಪ–ದೊಡ್ಡಪ್ಪನ ವರಸೆ. ಅಲೆಕ್ಸ್ ಸ್ಕ್ಯಾಲಿ ಅಮೆರಿಕದ ಬಾಲ್ಟಿಮೋರ್‌ನವನೇ. ಇಬ್ಬರೂ ಸೇರಿ ಬ್ಯಾಂಡ್ ಶುರು ಮಾಡಿದ್ದು 2004ರಲ್ಲಿ, ಅದೇ ಊರಿನಲ್ಲಿ. ಆಕೆ ಹಾಡುತ್ತ ಕೀಬೋರ್ಡ್ ನುಡಿಸುತ್ತಾಳೆ, ಆತ ಗಿಟಾರ್. ಬ್ಯಾಂಡಿನದೇ ಹೆಸರಿನ ಮೊದಲ ಆಲ್ಬಂ 2006ರಲ್ಲಿ ಕಾರ್‌ಪಾರ್ಕ್ ಲೇಬಲ್‌ನಿಂದ ಬಂತು. ಸ್ಕ್ಯಾಲಿ ಮನೆಯ ನೆಲಮಾಳಿಗೆಯಲ್ಲಿ 2 ದಿನಕ್ಕೆ ರೆಕಾರ್ಡಿಂಗ್ ಮುಗಿದಿತ್ತು. ಇಬ್ಬರೇ ಇದ್ದು ಡ್ರೀಮ್ ಪಾಪ್, ಅಂದರೆ ಕನಸಿನಂಥ ಮಸುಕು ಸದ್ದಿನ ಪಾಪ್, ಮಾಡುವುದು ಹೊಸದೇನೂ ಅಲ್ಲ. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್‌ನಲ್ಲಿ 1983ರಲ್ಲಿ ಬೇಸ್ ನುಡಿಸುವವ ಬಿಟ್ಟು ಹೋದಾಗ, ಉಳಿದಿಬ್ಬರೇ ಡ್ರಮ್ ಮಷೀನು ಇಟ್ಟುಕೊಂಡು ಮುಂದಿನ ಆಲ್ಬಂ ಮುಗಿಸಿದ್ದರು.

ಈಗ ಸದ್ದಿನ ಕಡೆ ಬರೋಣ. ಮನೆಗಳಲ್ಲಿ ನುಡಿಸುತ್ತಿದ್ದ ಹಳೆಯ ವಿದ್ಯುತ್ ಆರ್ಗನ್‌ಗಳಲ್ಲಿ ವಾಲ್ಟ್ಸ್, ಬೊಸಾನೊವಾ, ರಾಕ್ ಎಂದು ರಿದಮ್ ಗುಂಡಿಗಳಿರುತ್ತವೆ. ನಮ್ಮ ಆರ್ಕೆಸ್ಟ್ರಾದವರು ಕ್ಯಾಸಿಯೊದಲ್ಲಿ ರಿದಮ್ ಒತ್ತಿ ಹಾಡುತ್ತಾರಲ್ಲ, ಅದರ ಅಜ್ಜ ಅಂದುಕೊಳ್ಳಿ. ಬೀಚ್ ಹೌಸ್‌ನ ಆರಂಭದ ಹಾಡುಗಳಲ್ಲಿ ಇಂಥ ರಿದಮ್ಮೇ ತಳಪಾಯ. ಗುಂಡಿ ಒತ್ತಿದ ಮೇಲೆ ಅದು ಬದಲಾಗುವುದಿಲ್ಲ. ಚರಣದಿಂದ ಪಲ್ಲವಿಗೆ ದಾಟಿಸುವ ಡ್ರಮ್ ಉರುಳಿಕೆ ಅದರಲ್ಲಿ ಇಲ್ಲ. ಹಾಗಾಗಿ ಹಾಡು ಏರಬೇಕಾದರೆ ಬೇರೆ ಏನಾದರೂ ಏರಬೇಕು: ಆರ್ಗನ್ನಿನ ಮೇಲೆ ಇನ್ನೊಂದು ಪದರ, ಗಿಟಾರಿನ ಸ್ಲೈಡು, ಇಲ್ಲವೇ ಹಿನ್ನೆಲೆಯಲ್ಲಿ ಎರಡನೇ ದನಿ. ಪದರ ಒಂದೊಂದಾಗಿ ಸೇರುತ್ತ ಹೋಗುವ ಅವರ ಕಟ್ಟಡ ಹುಟ್ಟಿದ್ದು ಈ ಇಕ್ಕಟ್ಟಿನಿಂದ ಎಂದೇ ನನ್ನ ಅಂದಾಜು.

ಈ ಥರದ ಹಾಡು ತಾವೇ ಮಾಡಹೊರಟವರು ಎಡವುವ ಮೊದಲ ಜಾಗವೂ ಇದೇ. ಹಳೆಯ ಆರ್ಗನ್ನಿನ ವೇಗದ ತಿರುಗಣೆಯಲ್ಲಿ ಅಂಕಿ ಇರುವುದಿಲ್ಲ, ಕಂಪ್ಯೂಟರಿಗೆ ತಾಳೆ ಹಾಕುವ ಮಿಡಿ ಇರುವುದಿಲ್ಲ, ಯಂತ್ರ ಬಿಸಿಯಾದಂತೆ ವೇಗ ಸ್ವಲ್ಪ ಜಾರಲೂಬಹುದು. ಕಂಪ್ಯೂಟರಿನಲ್ಲಿ 72 ಬಿಪಿಎಂ (ನಿಮಿಷಕ್ಕೆ 72 ಬೀಟು) ಎಂದು ಇಟ್ಟು ಅದಕ್ಕೆ ಆರ್ಗನ್ ಹೊಂದಿಸಲು ಹೋದರೆ ಎರಡನೇ ನಿಮಿಷದ ಹೊತ್ತಿಗೆ ಎರಡೂ ಬೇರೆ ಬೇರೆ. ತಿರುಗಿಸಿ ಮಾಡಿ: ರಿದಮ್ ಮಾತ್ರ ಮೊದಲು ರೆಕಾರ್ಡ್ ಮಾಡಿ, ಅದರಲ್ಲಿ ಚೊಕ್ಕ 4 ಆವರ್ತ ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ಬರುವಂತೆ ಲೂಪ್ ಮಾಡಿ. ಪ್ರಾಜೆಕ್ಟಿನ ವೇಗವನ್ನು ಆ ತುಂಡಿನಿಂದ ಅಳೆಯಿರಿ. ಶ್ರುತಿಯೂ ಅಷ್ಟೆ. ಆರ್ಗನ್ ಅರ್ಧ ಎಳೆ ಮೇಲಿದ್ದರೆ ಗಿಟಾರನ್ನೇ ಅದಕ್ಕೆ ಕೂಡಿಸಬೇಕು.

ಇನ್ನು ರಿವರ್ಬ್, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಗುಂಯ್. ಡ್ರೀಮ್ ಪಾಪ್ ಅಂದರೆ ರಿವರ್ಬ್ ಸುರಿಯುವುದು ಎಂದು ತಿಳಿದವರ ಮಿಕ್ಸು ಯಾವಾಗಲೂ ಕೆಸರು. 72 ಬಿಪಿಎಂನಲ್ಲಿ ಒಂದು ಬೀಟು 833 ಮಿಲಿಸೆಕೆಂಡು, 4 ಬೀಟಿನ ಒಂದು ಆವರ್ತ ಸುಮಾರು 3.3 ಸೆಕೆಂಡು. ಆವರ್ತಕ್ಕೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಬದಲಾಗುತ್ತಿದ್ದರೆ ರಿವರ್ಬಿನ ಬಾಲ 3 ಸೆಕೆಂಡು ದಾಟಬಾರದು. 5 ಸೆಕೆಂಡು ಇಟ್ಟಿರೋ, ಹಳೆಯ ಕಾರ್ಡ್ ಇನ್ನೂ ಗುಂಯ್ಗುಡುತ್ತಿರುವಾಗಲೇ ಹೊಸದು ಬಂದು ಮೈಮೇಲೆ ಬೀಳುತ್ತದೆ. ದನಿಗೆ 40 ಮಿಲಿಸೆಕೆಂಡು ಪ್ರೀ-ಡಿಲೇ, ಅಂದರೆ ರಿವರ್ಬ್ ಶುರುವಾಗುವ ಮುನ್ನ ಸಣ್ಣ ತಡೆ, ಕೊಟ್ಟರೆ ಮಾತು ಮೊದಲು ಕೇಳಿ, ಮಂಜು ಆಮೇಲೆ ಬರುತ್ತದೆ. ಗಿಟಾರಿನ ಡಿಲೇ (ಮರುದನಿ ಬರುವ ಅಂತರ) ಮುಕ್ಕಾಲು ಬೀಟು, ಅಂದರೆ 625 ಮಿಲಿಸೆಕೆಂಡು. ರಿವರ್ಬಿನಿಂದ ಮರಳಿ ಬರುವ ಸದ್ದಿನಲ್ಲಿ 250 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಬಿಡಿ. ಲಗ್ರಾಂಡ್ ಅವರಂಥ ತಗ್ಗಿನ ದನಿಗೆ ಇದು ಇನ್ನೂ ಮುಖ್ಯ. ಆಕೆಯ ಶಾರೀರ, ಆರ್ಗನ್ನಿನ ಮಧ್ಯ ಸ್ಥಾಯಿ, ಗಿಟಾರಿನ ದಪ್ಪ ತಂತಿ, ಮೂರೂ ಒಂದೇ ಬೆಂಚಿನಲ್ಲಿ ಕೂರುವ ಗಿರಾಕಿಗಳು. 300 ಹರ್ಟ್ಸ್ ಆಸುಪಾಸಿನಲ್ಲಿ ಆರ್ಗನ್ನಿನಿಂದ 3 ಡೆಸಿಬೆಲ್ ಇಳಿಸಿದರೆ ದನಿಗೆ ಜಾಗ ಸಿಗುತ್ತದೆ. ಅಂಕಿಗಳಿವು ಆರಂಭಕ್ಕೆ. ಕೊನೆಗೆ ಕಿವಿಯೇ ಲೆಕ್ಕ.

ಸರಿ, ಮತ್ತೆ ಬ್ಯಾಂಡಿಗೆ. 2008ರ 'ಡಿವೋಶನ್' ಆಲ್ಬಂ ಆದ ಮೇಲೆ ಅವರು ಸಿಯಾಟಲ್‌ನ ಸಬ್ ಪಾಪ್ ಲೇಬಲ್ ಸೇರಿದರು. 2010ರ 'ಟೀನ್ ಡ್ರೀಮ್' ಆದದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಚರ್ಚೊಂದನ್ನು ಸ್ಟುಡಿಯೊ ಮಾಡಿದ್ದ ಡ್ರೀಮ್‌ಲ್ಯಾಂಡ್‌ನಲ್ಲಿ. ನಿರ್ಮಾಪಕ ಕ್ರಿಸ್ ಕೋಡಿ. ನೆಲಮಾಳಿಗೆಯ ಬಿಗಿ ಸದ್ದಿಗೆ ಇಲ್ಲಿ ಎತ್ತರದ ಸೂರು ಸಿಕ್ಕಿತು. 2012ರ 'ಬ್ಲೂಮ್' ಟೆಕ್ಸಸ್‌ನ ಸಾನಿಕ್ ರಾಂಚ್‌ನಲ್ಲಿ ತಯಾರಾಗಿ ಬಿಲ್‌ಬೋರ್ಡ್ 200 ಎಂಬ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ನೇರ 7ನೇ ಸ್ಥಾನಕ್ಕೆ ಬಂತು.

ಅಷ್ಟರಲ್ಲಿ ಬೇರೆಯವರೂ ಈ ಸದ್ದನ್ನು ಎತ್ತಿಕೊಳ್ಳತೊಡಗಿದ್ದರು. ಗಾಯಕ ದಿ ವೀಕೆಂಡ್ 2011ರಲ್ಲಿ, ರ‍್ಯಾಪರ್ ಕೆಂಡ್ರಿಕ್ ಲಮಾರ್ 2012ರಲ್ಲಿ ಇವರ ಹಾಡುಗಳ ತುಣುಕು ಬಳಸಿದರು. ರ‍್ಯಾಪ್‌ನವರಿಗೆ ಇದು ಒಗ್ಗಿದ್ದೇಕೆ ಅಂದರೆ, ವೇಗ ನಿಧಾನ, ಒಂದೇ ಕಾರ್ಡ್ ಸಾಲು ಮರಳಿ ಮರಳಿ ಬರುತ್ತದೆ. ಲೂಪ್ ಮಾಡಲು ಎಲ್ಲಿ ಕತ್ತರಿಸಿದರೂ ನಡೆಯುತ್ತದೆ. ಜಾಹೀರಾತಿನವರ ವಿಷಯ ಹಾಗಲ್ಲ. ಕಾರಿನ ಜಾಹೀರಾತೊಂದಕ್ಕೆ 'ಟೇಕ್ ಕೇರ್' ಹಾಡು ಕೇಳಿದಾಗ ಇವರು ಕೊಡಲಿಲ್ಲ. 2012ರಲ್ಲಿ ಹೊರಬಂದ ಜಾಹೀರಾತಿನಲ್ಲಿ ಕೇಳಿಸಿದ್ದು ಆ ಹಾಡಿನದೇ ಪಡಿಯಚ್ಚಿನಂಥ ಬೇರೊಂದು ಹಾಡು. 'ಒಂದೇ ಥರ' ಇರುವುದರ ಬೆಲೆ ಇದೂ ಹೌದು: ಗುರುತು ಹಿಡಿಯಲು ಸುಲಭವಾದದ್ದು ನಕಲು ಮಾಡಲೂ ಸುಲಭ.

ಇನ್ನೊಂದು ತೊಂದರೆ ವೇದಿಕೆಯದು. ಹೆಸರು ಬಂದಂತೆ ಸಭಾಂಗಣ ದೊಡ್ಡದಾಯಿತು. ದೊಡ್ಡ ಸಭಾಂಗಣಕ್ಕೆ ತನ್ನದೇ ರಿವರ್ಬ್ ಇರುತ್ತದೆ. ಅದರ ಮೇಲೆ ಇವರದೂ ಸೇರಿದರೆ ಆರ್ಗನ್ನಿನ ಸಣ್ಣ ರಿದಮ್ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ನಿಜವಾದ ಡ್ರಮ್ ಬೇಕಾಗುತ್ತದೆ. ಡ್ರಮ್ ಬಂತೆಂದರೆ ಉಳಿದದ್ದೂ ಜೋರಾಗಲೇಬೇಕು. ದೊಡ್ಡ ವೇದಿಕೆಗಳು ತಮ್ಮನ್ನು ಸ್ವಭಾವಕ್ಕೆ ದೂರವಾದ ಅಬ್ಬರದ ಕಡೆಗೆ ತಳ್ಳಿದವೆಂದು 2015ರಲ್ಲಿ ಅವರೇ ಹೇಳಿಕೊಂಡರು. ಆ ವರ್ಷದ 'ಡಿಪ್ರೆಶನ್ ಚೆರಿ' ಆಲ್ಬಂನಲ್ಲಿ ಡ್ರಮ್ ತಗ್ಗಿಸಿ, ಮತ್ತೆ ಒಂದೆರಡು ವಾದ್ಯಗಳಿಗೆ ಮರಳಿದರು. ಆಗಸ್ಟ್ 28ಕ್ಕೆ ಅದು ಬಂತು. ಸರಿಯಾಗಿ 7 ವಾರಕ್ಕೆ, ಅಕ್ಟೋಬರ್ 16ರಂದು, ಹೆಚ್ಚು ಪ್ರಚಾರವಿಲ್ಲದೆ 'ಥ್ಯಾಂಕ್ ಯುವರ್ ಲಕಿ ಸ್ಟಾರ್ಸ್' ಎಂಬ ಇನ್ನೊಂದು ಆಲ್ಬಂ ಬಂತು. ವ್ಯಾಪಾರದ ಲೆಕ್ಕದಲ್ಲಿ ಇದು ತಮ್ಮ ಅಂಗಡಿಯ ಎದುರಿಗೇ ತಾವು ಇನ್ನೊಂದು ಅಂಗಡಿ ಇಟ್ಟಂತೆ. ಎರಡನೆಯದು ಮೊದಲನೆಯದರ ನೆರಳಲ್ಲೇ ಉಳಿಯಿತು, ಇವತ್ತಿಗೂ. 'ಡಿಪ್ರೆಶನ್ ಚೆರಿ'ಯ 'ಸ್ಪೇಸ್ ಸಾಂಗ್' ಮಾತ್ರ 5–6 ವರ್ಷ ಕಳೆದ ಮೇಲೆ ಟಿಕ್‌ಟಾಕ್‌ನಲ್ಲಿ ಹಬ್ಬಿ, ಬ್ಯಾಂಡಿನ ಹೆಸರೇ ಕೇಳದ ಹುಡುಗ ಹುಡುಗಿಯರ ಬಾಯಿಗೆ ಬಂತು.

ಕಟ್ಟು ಸಡಿಲಿಸಿದ್ದು 2018ರ 'ಸೆವೆನ್'ನಲ್ಲಿ. ಅಲ್ಲಿಯವರೆಗೆ ವೇದಿಕೆಯಲ್ಲಿ ನುಡಿಸಲು ಆಗುವಷ್ಟನ್ನೇ ಬಹುಮಟ್ಟಿಗೆ ಹಾಡಿಗೆ ಹಾಕುತ್ತಿದ್ದರು. ಈಗ ಆ ನಿಯಮ ಬಿಟ್ಟರು. ಕೆಲವು ಹಾಡಿನಲ್ಲಿ ಗಿಟಾರೇ ಇಲ್ಲ, ಇನ್ನೊಂದಕ್ಕೆ ಕೀಬೋರ್ಡ್ ಇಲ್ಲ. ಕೋಡಿ ಜಾಗಕ್ಕೆ ಸಾನಿಕ್ ಬೂಮ್ ಎಂಬ ಹೆಸರಿನಲ್ಲಿ ಸಂಗೀತ ಮಾಡುವ ಪೀಟರ್ ಕೆಂಬರ್ ಜೊತೆಗೂಡಿದರು. ಡ್ರಮ್‌ಗೆ ಜೇಮ್ಸ್ ಬರೋನ್. 2022ರ 'ಒನ್ಸ್ ಟ್ವೈಸ್ ಮೆಲೊಡಿ'ಗೆ ನಿರ್ಮಾಪಕರೂ ತಾವೇ. 18 ಹಾಡು, 4 ಕಂತಿನಲ್ಲಿ ಬಿಡುಗಡೆ, ಮೊದಲ ಸಲ ನಿಜವಾದ ಪಿಟೀಲು ವೃಂದ. ಇಷ್ಟು ದೊಡ್ಡದಾದ ಮೇಲೂ ಅದೇ ಆರ್ಗನ್, ಅದೇ ಯಂತ್ರದ ತಾಳ ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿರುತ್ತವೆ.

ಕೇಳಲು ಶುರು ಮಾಡುವವರು 'ಟೀನ್ ಡ್ರೀಮ್'ನಿಂದ ಶುರು ಮಾಡಿ, ಆಮೇಲೆ ಹಿಂದಕ್ಕೆ ಮೊದಲನೆಯದಕ್ಕೆ ಹೋಗಿ, ಅಲ್ಲಿಂದ ನೇರ 'ಸೆವೆನ್'ಗೆ ಜಿಗಿಯಿರಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಆರ್ಗನ್ನಿನ ಕೆಳಗಿನ ಸ್ವರಗಳು ಅದರಲ್ಲಿ ಹೊರಗೆ ಬರುವುದೇ ಇಲ್ಲ.