ಆಷಾಢದಲ್ಲಿ ಮನೆ ತೋರಿಸಿ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಬಳಿ ಕೊಡೆಗಳ ರಾಶಿಯೇ ಬಿದ್ದಿದೆ, ಎಲ್ಲವೂ ಕಪ್ಪು. ಹೋಗುವಾಗ ಅವರವರ ಕೊಡೆಯನ್ನೇ ನೋಡಿ ತೆಗೆದುಕೊಳ್ಳಿ ಎಂದು ಹೇಳುವ ಕೆಲಸವನ್ನು ಕಾರ್ಯದರ್ಶಿಯವರು ನನಗೇ ವಹಿಸಿದ್ದಾರೆ. ಕಳೆದ ತಿಂಗಳು ಅವರದ್ದೇ ಹೋಗಿದೆಯಂತೆ.

ನನಗೆ ಕೊಟ್ಟ ವಿಷಯ ಮನೆಯ ಅಲಂಕಾರ. ಅದನ್ನು ನಾನು ಎರಡಾಗಿ ಸೀಳಿಕೊಂಡಿದ್ದೇನೆ: ಮಾರುವ ಮನೆಯ ಅಲಂಕಾರ ಒಂದು, ಇರುವ ಮನೆಯ ಅಲಂಕಾರ ಇನ್ನೊಂದು. ಶಿರಸಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮನೆ ಕಟ್ಟಿಸುವುದು, ಹಳೆಯ ಮನೆ ದುರಸ್ತಿ ಮಾಡಿಸುವುದು ನನ್ನ ಕೆಲಸ. ಇಷ್ಟು ವರ್ಷ ಈ ಕೆಲಸ ಮಾಡಿದವನೂ ಈ ಎರಡನ್ನು ಕಲಸಿಕೊಂಡು ಒಂದು ತಪ್ಪು ಮಾಡಿದೆ. ಅದನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದೇ ಈ ಆಹ್ವಾನವನ್ನು ಒಪ್ಪಿಕೊಂಡೆ.

ನಮ್ಮ ಊರುಗಳ ಸ್ಥಿತಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಹಿರಿಯರು ಇಬ್ಬರೇ, ಕೊಟ್ಟಿಗೆ ಖಾಲಿ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಾದ ಮೇಲೆ ತೋಟದ ಜೊತೆಗೆ ಮನೆಯನ್ನೂ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಮಾರುವವರನ್ನು ನಾನು ದೂರುವುದಿಲ್ಲ. ಮಾರಬೇಕಾದಾಗ ಮಾರಲೇಬೇಕು. ಹೇಗೆ ಸಿದ್ಧಪಡಿಸಿ ಮಾರುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಅಮೆರಿಕದಲ್ಲಿ 1970ರ ದಶಕದಿಂದ ಇದೇ ಒಂದು ವೃತ್ತಿ. ಹೋಮ್ ಸ್ಟೇಜಿಂಗ್ ಎನ್ನುತ್ತಾರೆ. ನಾಟಕಕ್ಕೆ ರಂಗ ಸಜ್ಜುಗೊಳಿಸಿದ ಹಾಗೆ ಮನೆಯನ್ನು ಸಜ್ಜುಗೊಳಿಸುವುದು. ಅರ್ಧ ಸಾಮಾನು ಹೊರಗೆ ಹಾಕಿ, ಗೋಡೆಯ ಮೇಲಿನ ಮನೆಯವರ ಫೋಟೋ ಇಳಿಸಿ, ತಿಳಿಬಣ್ಣ ಬಳಿಯಿರಿ, ಬೆಳಕು ಬರಲಿ, ನೋಡಲು ಬಂದವರಿಗೆ ಅದು ತಮ್ಮದೇ ಮನೆ ಎನ್ನಿಸಲಿ. ಇದರಲ್ಲಿ ಬಹುಪಾಲು ಒಳ್ಳೆಯ ಮಾತೇ. ನಮ್ಮ ಜಗಲಿಯ ಮೇಲೆ ಅಜ್ಜ, ಮುತ್ತಜ್ಜ, ಅವರಿಗೆ ಬಂದ ಸನ್ಮಾನಪತ್ರ, ಹತ್ತು ವರ್ಷದ ಕ್ಯಾಲೆಂಡರುಗಳು ಸಾಲಾಗಿ ತೂಗುತ್ತಿದ್ದರೆ, ಕೊಳ್ಳಲು ಬಂದವರು ನೆಂಟರ ಮನೆಗೆ ಬಂದವರ ಹಾಗೆ ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಅಟ್ಟದ ಸಾಮಾನು ಇಳಿಸಿ, ಮನೆ ತೊಳೆಯಿರಿ, ಕಿಟಕಿಗೆ ಅಡ್ಡವಾಗಿ ಬೆಳೆದ ದಾಸವಾಳವನ್ನು ಕತ್ತರಿಸಿ, ಉರಿಯದ ಬಲ್ಬು ಬದಲಿಸಿ. ಇವೆಲ್ಲ ಕೊಳ್ಳುವವರಿಗೆ ನಾವು ಕೊಡುವ ಮರ್ಯಾದೆ. ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ.

ಕುಮಟೆಯ ಹತ್ತಿರ, ಅಘನಾಶಿನಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ನಮ್ಮ ಮೂಲ ಮನೆ. ಚಿರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಂಗಳೂರು ಹಂಚು. ಅಪ್ಪ ತೀರಿಕೊಂಡ ಮೇಲೆ ಆಯಿ ಮೂರು ಮಳೆಗಾಲ ಅಲ್ಲಿ ಒಬ್ಬಳೇ ಕಳೆದಳು. ನಾಲ್ಕನೆಯದಕ್ಕೆ ಶಿರಸಿಗೆ ಕರೆತಂದೆ. ತಂಗಿ ಮತ್ತು ನಾನು ಕೂತು ಮಾತಾಡಿ, ಆಯಿಯ ಒಪ್ಪಿಗೆ ಪಡೆದು, ಮಾರುವುದೆಂದು ತೀರ್ಮಾನಿಸಿದೆವು. ದಲ್ಲಾಳಿ ಬಂದು ಮನೆಯ ಸುತ್ತ ಎರಡು ಸಲ ನಡೆದು, "ಮನೆ ಹಳತಾಗಿದೆ ಎಂದು ಕಾಣಬಾರದು, ಹಳೆಯ ಕಾಲದ್ದು ಎಂದು ಕಾಣಬೇಕು" ಎಂದ. ಆ ಮಾತು ನನಗೆ ಬಹಳ ಹಿಡಿಸಿತು. ಕೆಲಸ ಶುರು ಮಾಡಿದೆ.

ನಡುಮನೆಯ ಪಶ್ಚಿಮದ ಗೋಡೆ ಮೊಣಕಾಲೆತ್ತರಕ್ಕೆ ತೇವ ಏರಿ ಥಂಡಿ ಹಿಡಿದಿತ್ತು. ಸುಣ್ಣ ಕೆರೆದು ಪುಟ್ಟಿ ಹಚ್ಚಿಸಿ, ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸಿದೆ. ಜನವರಿಯ ಬಿಸಿಲಿನಲ್ಲಿ ಗೋಡೆ ಕನ್ನಡಿಯ ಹಾಗೆ ಕೂತಿತು. ಇನ್ನು ಕತ್ತಲೆಕೋಣೆಯ ಬಾಗಿಲು. ಹಲಸಿನ ಹಲಗೆಯದು, ಒಂದೂವರೆ ಅಂಗುಲ ದಪ್ಪ. ಅದರ ಒಳಮೈಯಲ್ಲಿ ಅಪ್ಪನ ಪೆನ್ಸಿಲ್ ಬರಹ ಇತ್ತು. ಮೇಲಿನಿಂದ ಕೆಳಗೆ, ಮೂವತ್ತಕ್ಕೂ ಹೆಚ್ಚು ಸಾಲು. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸಿದ, ಅಂದರೆ ಒಡೆದದ್ದನ್ನು ಬದಲಿಸಿ ಮತ್ತೆ ಸರಿಯಾಗಿ ಜೋಡಿಸಿದ ದಿನ, ಒಡೆದ ಹಂಚಿನ ಲೆಕ್ಕ, ಎಲ್ಲಿ ಸೋರಿತು, ಹಂಚಿನ ಅಡಿಯ ಯಾವ ರೀಪು ಪಟ್ಟಿ ಬದಲಾಯಿತು, ಎಲ್ಲಿ ಒರಲೆ ಹಿಡಿಯಿತು. ಒಂದು ಸಾಲು ನನಗೆ ಬಾಯಿಪಾಠವಾಗಿದೆ: "92 ಮೇ 19. ಒಡೆದದ್ದು 37. ಪಡುಗೋಡೆ ಥಂಡಿ, ಹೊರಗಿನ ಚರಂಡಿ ಹೂಳು ತೆಗೆಸಿದ ಮೇಲೆ ಒಣಗಿತು." ಬಡಗಿ ಬಂದು ಅದಕ್ಕೆ ಮರಳುಕಾಗದ ಹಾಕಿ ತಿಕ್ಕಿದ. ಬೂದು ಬಣ್ಣದ ಪುಡಿ ನೆಲಕ್ಕೆ ಬಿತ್ತು. ಪಾಲಿಶ್ ಹೊಡೆದ. ಹಲಸಿನ ಹಳದಿ ಎದ್ದು ಬಂತು, ಬಾಗಿಲು ಹೊಸದಾಯಿತು. ನಾನು ಅಲ್ಲೇ ನಿಂತಿದ್ದೆ, ಚೆನ್ನಾಗಿದೆ ಎಂದೂ ಹೇಳಿದೆ.

ಮನೆಯ ಕಾಯಿಲೆಯೂ ಅದರ ಮದ್ದೂ ಆ ಒಂದು ಸಾಲಿನಲ್ಲಿತ್ತು. ಆಯಿ ಒಬ್ಬಳೇ ಇದ್ದ ಮೂರು ವರ್ಷ ಚರಂಡಿಯ ಹೂಳು ತೆಗೆಸಿರಲಿಲ್ಲ. ಗೋಡೆಗೆ ಮಣ್ಣು ಒರಗಿಕೊಂಡಿತ್ತು. ಇದು ನನಗೆ ಗೊತ್ತಿತ್ತು. ಚರಂಡಿ ತೆಗೆಸಲು ನಾಲ್ಕು ಆಳು ಬೇಕು. ಪುಟ್ಟಿ ಹಚ್ಚಲು ಒಬ್ಬ ಸಾಕು.

ಫೆಬ್ರವರಿಯಲ್ಲಿ ಧಾರವಾಡದ ಕಡೆಯ ದಂಪತಿ ಬಂದು ನೋಡಿದರು. ಇಬ್ಬರೂ ನಿವೃತ್ತರು, ನದಿಯ ಹತ್ತಿರ ಇರಬೇಕೆಂಬ ಆಸೆ. ಮಾರ್ಚಿನಲ್ಲಿ ನೋಂದಣಿ ಆಯಿತು. ಜುಲೈ ಎರಡನೇ ವಾರ ಆ ತಾಯಿ ಫೋನ್ ಮಾಡಿದರು. ಸಿಟ್ಟು ಮಾಡಿಕೊಂಡಿರಲಿಲ್ಲ. "ಅಣ್ಣಾವರೇ, ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೆ ಹೀಗೆಯೇ ಇರುತ್ತದೆಯೇ? ಅಥವಾ ನಮ್ಮಿಂದ ಏನಾದರೂ ತಪ್ಪಾಯಿತೇ?" ಎಂದು ಕೇಳಿದರು. ಅವರು ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

ಮರುದಿನವೇ ದೇವಿಮನೆ ಘಟ್ಟ ಇಳಿದೆ. ನಡುಮನೆಯಲ್ಲಿ ಪುಟ್ಟಿ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಬೆರಳಿಟ್ಟರೆ ಅಂಗೈ ಅಗಲದ ಚೂರು ಉದುರುತ್ತಿತ್ತು, ಹಿಂದೆ ಬಿಳಿಯ ಉಪ್ಪು. ಅವರು ಮಂಚವನ್ನು ಕೋಣೆಯ ನಡುವಿಗೆ ಎಳೆದುಕೊಂಡಿದ್ದರು. ಪುಸ್ತಕದ ಕಪಾಟಿನ ಬೆನ್ನಿಗೆ ಬೂಸ್ಟು ಹಿಡಿದಿತ್ತು. ನಲವತ್ತು ವರ್ಷ ಕೂಡಿಟ್ಟ ಪುಸ್ತಕಗಳು, ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಊಟದ ಮೇಜಿನ ಮೇಲೆ ಹರವಿದ್ದರು. ನಾನು ನಿಂತಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಈ ಗೋಡೆ ನನಗೆ ಗೊತ್ತಿತ್ತು, ಮುಚ್ಚಿದವನು ನಾನೇ. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲು ಚಹಾ ಕುಡಿಯಿರಿ, ನೆನೆದಿದ್ದೀರಿ" ಎಂದರು.

ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕೇ ಹೇಳುತ್ತೇನೆ, ಮನೆ ಮಾರುವವರು ಆಷಾಢದಲ್ಲಿ ತೋರಿಸಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಇಲ್ಲಿನ ಮನೆ ಎಂದರೆ ಆ ನಾಲ್ಕು ತಿಂಗಳಿಗೆ ಕಟ್ಟಿದ ಮನೆ. ಅದನ್ನು ಮಾಘದ ಬಿಸಿಲಿನಲ್ಲಿ ತೋರಿಸಿ ಮಾರುವುದು, ದೋಣಿಯನ್ನು ದಂಡೆಯ ಮರಳ ಮೇಲಿಟ್ಟು ತೋರಿಸಿ ಮಾರಿದಂತೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮು ನೋಡಿ. ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷ ಇದ್ದರೆ ಮಾರುವವನೇ ಅದನ್ನು ತಿಳಿಸಬೇಕು. ತಿಳಿಸದೆ ಬಿಟ್ಟರೆ ಅದು ವಂಚನೆ. ಜನವರಿಯಲ್ಲಿ ಪುಟ್ಟಿ ಹಚ್ಚಿದ ಥಂಡಿ ಗೋಡೆಗೆ ಇದಕ್ಕಿಂತ ಸರಿಯಾದ ವರ್ಣನೆ ನನಗೆ ಸಿಕ್ಕಿಲ್ಲ. ವಕೀಲರು ಇಲ್ಲಿ ಕೂತಿದ್ದಾರೆ, ತಲೆ ಅಲ್ಲಾಡಿಸುತ್ತಿದ್ದಾರೆ, ಧೈರ್ಯ ಬಂತು.

ಪುಟ್ಟಿ ಏಕೆ ಉದುರಿತು ಎಂದು ಹೇಳಿಬಿಡುತ್ತೇನೆ, ಇದು ಇರುವ ಮನೆಗೂ ಬೇಕಾದ ಮಾತು. ಚಿರೆಕಲ್ಲಿನ ಮೈತುಂಬ ರಂಧ್ರ. ಹಳೆಯ ಮನೆಗಳ ಅಡಿಪಾಯದ ಮೇಲೆ ನೀರು ತಡೆಯುವ ಪದರ ಹಾಕುವ ರೂಢಿ ಇರಲಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಕಲ್ಲು ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಸುಣ್ಣದ ಗೋಡೆಯಾದರೆ ಆ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಸ್ವಲ್ಪ ಸುಣ್ಣ ಉದುರುತ್ತದೆ, ಮುಂದಿನ ವರ್ಷ ಮತ್ತೆ ಬಳಿಯುತ್ತೇವೆ. ಪ್ಲಾಸ್ಟಿಕ್ ಬಣ್ಣ ಆ ದಾರಿಯನ್ನು ಮುಚ್ಚುತ್ತದೆ. ಒಳಗೇ ಉಳಿದ ನೀರು ಇನ್ನೂ ಮೇಲಕ್ಕೆ ಏರುತ್ತದೆ, ಅದರೊಡನೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ದಬ್ಬುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಶಿರಸಿಯ ಮನೆಗಳಿಗೆಲ್ಲ ಬಣ್ಣ. ಹಳೆಯ ಮಣ್ಣಿನ ಗೋಡೆ, ಚಿರೆಕಲ್ಲಿನ ಗೋಡೆ ಇರುವವರು ದಯವಿಟ್ಟು ಸುಣ್ಣವನ್ನೇ ಬಳಿಯಿರಿ. ಹೊಳಪು ಕಡಿಮೆ ಎಂದು ಬೇಸರಿಸಬೇಡಿ.

ಕಾರವಾರದವರು ನಮ್ಮದು ಕಾಂಕ್ರೀಟು, ನಮಗೇನು ಎನ್ನಬಹುದು. ಸಮುದ್ರದ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಸ್ಲ್ಯಾಬಿನ ಅಡಿಯ ಸಿಮೆಂಟನ್ನು ಒಡೆಯುತ್ತದೆ. ಮಾರುವಾಗ ಅಲ್ಲಿಗೂ ತೇಪೆ, ಅದರ ಮೇಲೆ ಬಣ್ಣ. ಕೊಳ್ಳುವವರು ಒಂದು ಕೋಲಿನ ತುದಿಯಿಂದ ಸೂರನ್ನು ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟುಕೊಂಡಲ್ಲಿ ಟೊಳ್ಳು ಸದ್ದು. ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ನಾಚಬೇಡಿ. ಹಲಸಿನ ಹಣ್ಣನ್ನು ತಟ್ಟಿ ನೋಡದೆ ತರುತ್ತೀರಾ?

ಇನ್ನು ಇರುವ ಮನೆ. ಕಳೆದ ವರ್ಷ ಇಲ್ಲಿಯೇ ಒಂದು ಹೊಸ ಬಡಾವಣೆಯಲ್ಲಿ ಯುವ ದಂಪತಿಗೆ ಮನೆ ಮಾಡಿಕೊಟ್ಟೆ. ಒಳಗೆಲ್ಲ ಬಿಳಿ ಬಣ್ಣವೇ ಇರಲಿ ಎಂದರು, ಮುಂದೆ ಮಾರುವಾಗ ಸುಲಭ ಎಂದು. ಗೋಡೆಗೆ ಮೊಳೆ ಹೊಡೆಯಬಾರದು. ಉಯ್ಯಾಲೆಗೆ ಕೊಂಡಿ ಬೇಡ, ಎಲ್ಲರಿಗೂ ಇಷ್ಟವಾಗುವುದಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಇದ್ದಾಳೆ. ಆ ಮಗುವಿನ ಎತ್ತರಕ್ಕೆ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಗೀಚಬಾರದೆಂದು. ಇಪ್ಪತ್ತು ವರ್ಷದ ನಂತರ ಬರಬಹುದಾದ ಯಾರೋ ಒಬ್ಬ ಗಿರಾಕಿಗಾಗಿ ಈಗಿರುವ ಮಗುವಿಗೆ ಗೋಡೆ ಇಲ್ಲ. ನನಗೆ ಬಹಳ ಸಂಕಟವಾಯಿತು, ಹೇಳಿಯೂ ಬಿಟ್ಟೆ. ಇರುವ ಮನೆಯಲ್ಲಿ ಮೊಳೆ ಹೊಡೆಯಿರಿ. ಕವಳದ, ಅಂದರೆ ಎಲೆಅಡಿಕೆಯ ಬಟ್ಟಲು ಇಡಲು ಜಗಲಿಯಲ್ಲಿ ಒಂದು ಗೂಡು ಮಾಡಿಸಿ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಿಸುವುದಕ್ಕೆ ಒಂದು ಜಾಗ ಮಾಡಿ, ಅದು ಯಾವ ಫೋಟೋದಲ್ಲೂ ಚಂದ ಕಾಣುವುದಿಲ್ಲ, ಆದರೆ ಅದಿಲ್ಲದೆ ನಮ್ಮ ಕಡೆ ಬದುಕಲಾಗದು. ಮಾರುವ ದಿನ ಬಂದರೆ ಮೊಳೆ ಕೀಳಬಹುದು, ಅದು ಒಂದು ಮಧ್ಯಾಹ್ನದ ಕೆಲಸ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಎಂದಿದೆ, ಐದರ ಕೆಳಗೆ ಗೆರೆ ಎಳೆದಿದ್ದಾರೆ. ಸಿದ್ದಾಪುರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರದ ಬಗ್ಗೆ, ಆ ಮನೆಯಲ್ಲಿ ಮದುವೆಯಾಗುವವರಿಗಾಗಿಯೇ ಬರೆಯುವ ಚಿತ್ರವದು, ಎರಡು ಪುಟ ಬರೆದುಕೊಂಡಿದ್ದೆ. ಕಾವಿ ಕಲೆ ಇನ್ನೊಂದು. ಸುಣ್ಣದ ಗಾರೆಯ ಮೇಲೆ ಕಾವಿ ಬಳಿದು, ಹಸಿ ಇರುವಾಗಲೇ ಕೆರೆದು ಅಡಿಯ ಬಿಳಿಯನ್ನು ಎಬ್ಬಿಸುವ ಕೆಲಸ. ಕರಾವಳಿಯ ಹಳೆಯ ದೇವಸ್ಥಾನ, ಮನೆಗಳಲ್ಲಿ ಅದರ ಮೇಲೆಯೇ ಎಣ್ಣೆ ಬಣ್ಣ ಬಳಿಯುತ್ತಿದ್ದಾರೆ. ಇನ್ನೊಮ್ಮೆ ಕರೆದರೆ ಇವೆರಡನ್ನೇ ಹೇಳುತ್ತೇನೆ. ಖಾತೆ, ಋಣಭಾರ ಪತ್ರದ ಪ್ರಶ್ನೆಗಳಿದ್ದರೆ ವಕೀಲರನ್ನು ಹಿಡಿಯಿರಿ, ಅವರು ಇಲ್ಲಿಯೇ ಇದ್ದಾರೆ.

ಕುಮಟೆಯ ಗೋಡೆ ಏನಾಯಿತು ಎಂದು ಹೇಳಿ ಇಳಿಯುತ್ತೇನೆ. ಆ ದಿನವೇ ಗುದ್ದಲಿ ಹಿಡಿದು ಮಳೆಯಲ್ಲಿ ಚರಂಡಿ ಬಿಡಿಸಲು ಶುರು ಮಾಡಿದೆವು. ಮರುದಿನ ಸಂಜೆ ನೀರು ಹರಿಯಿತು. ದೀಪಾವಳಿ ಕಳೆದ ಮೇಲೆ ಪುಟ್ಟಿಯನ್ನೆಲ್ಲ ಕೀಳಿಸಿ, ಗೋಡೆಯನ್ನು ಎರಡು ತಿಂಗಳು ಬರಿಮೈಯಲ್ಲಿ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿದೆ. ಖರ್ಚು ನನ್ನದು. ಈ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವಾಗ ಆಯಿಯನ್ನೂ ಕರೆದುಕೊಂಡು ಬನ್ನಿ ಎಂದು ಆ ದಂಪತಿ ಹೇಳಿ ಕಳಿಸಿದರು. ಆಯಿ ಕತ್ತಲೆಕೋಣೆಯ ಬಾಗಿಲಿನ ಮುಂದೆ ಮಣೆ ಹಾಕಿಕೊಂಡು ಕೂತು, ಯಾವ ಮೂಲೆ ಸೋರುತ್ತದೆ, ಮಾಡಿನ ಯಾವ ಪಕಾಸಿನ ಮರ ದುರ್ಬಲ, ಯಾವ ಗಾಳಿಗೆ ಯಾವ ಹಂಚು ಸರಿಯುತ್ತದೆ ಎಂದು ನೆನಪಿದ್ದದ್ದನ್ನೆಲ್ಲ ಹೇಳಿದಳು. ಆ ತಾಯಿ ಪೆನ್ಸಿಲ್ ಹಿಡಿದು ಬರೆಯಹೊರಟರು. ಪಾಲಿಶ್ ಮೇಲೆ ಪೆನ್ಸಿಲ್ ಜಾರುತ್ತಿತ್ತು, ಅಕ್ಷರ ಮೂಡಲಿಲ್ಲ. ಯಜಮಾನರು ಒಳಗಿನಿಂದ ಮರಳುಕಾಗದ ತಂದು ನನ್ನ ಕೈಗೆ ಕೊಟ್ಟರು.