ರಿಮೋಟ್ ಕೆಳಗಿಡಿ, ಹೊರಗಿನ ಡಬ್ಬ ನೋಡಿ

ನಮಸ್ಕಾರ. ಸೆಕೆ ತಡೆಯಲಾಗದ ದಿನ ನಾವು ಮೊದಲು ಏನು ಮಾಡುತ್ತೇವೆ? ರಿಮೋಟ್ ಹುಡುಕಿ 16ಕ್ಕೆ ಇಳಿಸುತ್ತೇವೆ. ಹತ್ತು ನಿಮಿಷ ಕಾಯುತ್ತೇವೆ. ಆಮೇಲೆ ಎಸಿಗೆ ಬೈಯುತ್ತೇವೆ.

ನನ್ನ ತಕರಾರು ಇರುವುದು ಇಲ್ಲೇ. ಎಸಿಯ ಕಷ್ಟ ಹೆಚ್ಚಾಗಿ ಗೋಡೆಯ ಆಚೆ, ಹೊರಗೆ ಕೂರಿಸಿದ ಅದರ ಡಬ್ಬದಲ್ಲಿದೆ. ನಾವು ಮಾತ್ರ ಈಚೆ ಕೂತು ಗುಂಡಿ ಒತ್ತುತ್ತಿರುತ್ತೇವೆ.

ಎಸಿ ತಂಪನ್ನು ತಯಾರು ಮಾಡುವುದಿಲ್ಲ. ಕೋಣೆಯ ಬಿಸಿಯನ್ನು ಹೊತ್ತುಕೊಂಡು ಹೋಗಿ ಹೊರಗೆ ಸುರಿಯುತ್ತದೆ, ಅಷ್ಟೇ. ಬಿಸಿಯನ್ನು ಹೊರುವುದು ಗ್ಯಾಸ್, ಆ ಗ್ಯಾಸನ್ನು ತಳ್ಳುವುದು ಕಂಪ್ರೆಸರ್. ಹೊರಗೆ 45 ಡಿಗ್ರಿ ಇದೆ ಅಂದುಕೊಳ್ಳಿ. ಅಲ್ಲಿ ಬಿಸಿ ಇಳಿಸಬೇಕಾದರೆ ಹೊರಗಿನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಸುರುಳಿ ಕೊಳವೆ, 45ಕ್ಕಿಂತ ಜಾಸ್ತಿ ಬಿಸಿ ಇರಲೇಬೇಕು. ಅದಕ್ಕೆ ಕಂಪ್ರೆಸರ್ ಒತ್ತಡ ಏರಿಸಬೇಕು. ಆಗ ಕರೆಂಟ್ ಜಾಸ್ತಿ ಎಳೆಯುತ್ತದೆ, ತಂಪು ಕಡಿಮೆ ಕೊಡುತ್ತದೆ. ನಮಗೆ ತುಂಬಾ ಬೇಕಾದ ದಿನವೇ ಅದರ ಕೈ ಸೋಲುತ್ತದೆ. ಅದು ಕೆಟ್ಟಿಲ್ಲ, ಸುಸ್ತಾಗಿದೆ.

ಒಂದು ಟನ್ ಎಸಿ ಅಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿ ಎತ್ತುವ ಶಕ್ತಿ. ಒಂದು ಅಮೆರಿಕನ್ ಟನ್ (ಸುಮಾರು 907 ಕೆಜಿ) ಐಸ್ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಬಿಸಿ ಅನ್ನುವ ಹಳೇ ಲೆಕ್ಕ ಅದು. ಆದರೆ ಆ ಅಂಕಿಯನ್ನು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇಟ್ಟು ಅಳೆಯುತ್ತಾರೆ. ಉರಿಬಿಸಿಲಿನ ಜಾಗಗಳಿಗೆ 46 ಡಿಗ್ರಿಯಲ್ಲಿ ಅಳೆಯುವ ಟಿ3 ಅನ್ನುವ ಬೇರೆ ಪರೀಕ್ಷೆಯೇ ಇದೆ. ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಸ್ಟಾರ್ ಎಣಿಸುತ್ತೇವೆ. ಎಷ್ಟು ಡಿಗ್ರಿಯಲ್ಲಿ ಅಳೆದದ್ದು ಅಂತ ಕೇಳುವವರು ಕಡಿಮೆ.

ಇನ್ನು ಆ 16. ಸುಡುತ್ತಿರುವ ಕೋಣೆಯಲ್ಲಿ 24 ಇಟ್ಟರೂ ಕಂಪ್ರೆಸರ್ ಮೊದಲು ಜೋರಾಗಿಯೇ ಓಡುತ್ತದೆ. 16 ಅನ್ನುವುದು ವೇಗ ಅಲ್ಲ, ಎಲ್ಲಿ ನಿಲ್ಲಬೇಕು ಅನ್ನುವ ಗುರುತು. ಆ ಗುರುತು ಮುಟ್ಟಲಾಗದೆ ಅದು ಸುಮ್ನೆ ಓಡುತ್ತಲೇ ಇರುತ್ತದೆ. 25ರ ಆಸುಪಾಸು ಇಟ್ಟು ಜೊತೆಗೆ ಫ್ಯಾನ್ ಹಾಕಿ. ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯಿರಿ. ಮೈಗೆ ಸಾಕಾಗುತ್ತದೆ.

ಈಗ ಹೊರಗೆ ಬನ್ನಿ. ಎಷ್ಟೋ ಕಟ್ಟಡಗಳಲ್ಲಿ ಈ ಬಡಪಾಯಿ ಡಬ್ಬವನ್ನು ಇಕ್ಕಟ್ಟಿನ ಮೂಲೆಗೆ ತುರುಕಿರುತ್ತಾರೆ. ಕಣ್ಣಿಗೆ ಕಾಣಬಾರದು ಅಂತ ಎದುರಿಗೆ ಜಾಲರಿ ಬೇರೆ. ಅದು ಬಿಟ್ಟ ಬಿಸಿ ಉಸಿರು ಗೋಡೆಗೆ ಬಡಿದು ಅದರ ಮೂಗಿಗೇ ವಾಪಸ್ ಬರುತ್ತದೆ. ಹೊರಗೆ 40 ಇದ್ದರೂ ಅದರ ಪಾಲಿಗೆ ಇನ್ನೂ ಜಾಸ್ತಿ. ನೆರಳು ಮಾಡಿಕೊಡಿ, ಬೇಡ ಅನ್ನುವುದಿಲ್ಲ. ಆದರೆ ಗಾಳಿ ಕಟ್ಟಿಹಾಕುವ ನೆರಳಿಗಿಂತ ಬಿಸಿಲೇ ವಾಸಿ.

ಹಿಂಬದಿ ನೋಡಿದರೆ ಧೂಳು, ಒಣ ಎಲೆ, ಕೆಲವೊಮ್ಮೆ ಪಾರಿವಾಳದ ಸಂಸಾರ. ಕಾಯಿಲಿನ ತೆಳು ಪಟ್ಟಿಗಳ ನಡುವೆ ಧೂಳು ಕೂತರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಮೇನ್ ಸ್ವಿಚ್ ಆರಿಸಿ, ಕೈಗೆ ಸಿಗುವ ಸುರಕ್ಷಿತ ಜಾಗವಾದರೆ ಸಾದಾ ನೀರಲ್ಲಿ ಮೆಲ್ಲಗೆ ತೊಳೆಯಿರಿ. ವಾಹನ ತೊಳೆಯುವ ಪ್ರೆಶರ್ ಪೈಪ್ ಹಿಡಿದರೆ ಪಟ್ಟಿಗಳು ಮಡಚಿ ಹೋಗುತ್ತವೆ. ಸಮುದ್ರದ ಹತ್ತಿರ ಇರುವವರು ಇನ್ನೂ ಬೇಗ ಬೇಗ ತೊಳೆಯಬೇಕು, ಉಪ್ಪುಗಾಳಿ ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ಧೂಳುಗಾಳಿ ಬಂದಾಗ ಎಸಿ ನಿಲ್ಲಿಸಿ ಡಬ್ಬಕ್ಕೆ ಹೊದಿಕೆ ಹಾಕಬಹುದು. ಆ ಹೊದಿಕೆ ತೆಗೆಯದೆ ಮತ್ತೆ ಚಾಲೂ ಮಾಡಬೇಡಿ, ದಯವಿಟ್ಟು.

ನನ್ನದೇ ಕಥೆ ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ನನ್ನ ಎಸಿ ತಂಪು ಕೊಡುವುದನ್ನೇ ಬಿಟ್ಟಿತು. ರಿಪೇರಿಗೆ ಬಂದವರು ಮುಚ್ಚಳ ತೆಗೆಯುವ ಮೊದಲೇ 'ಗ್ಯಾಸ್ ಖಾಲಿ' ಅಂದರು. ನಾನೂ ತಲೆ ಆಡಿಸಿದೆ. ಗ್ಯಾಸ್ ತುಂಬಿಸಿದ್ದಾಯಿತು. ವಾರದೊಳಗೆ ಮತ್ತೆ ಅದೇ ಹಾಡು. ಕೊನೆಗೆ ನಾನೇ ಕೋಣೆಯೊಳಗಿನ ಡಬ್ಬದ ಫಿಲ್ಟರ್ ಎಳೆದರೆ ಕಂಬಳಿ ಹಾಗೆ ಧೂಳು! ಗಾಳಿ ಹರಿಯದೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಗ್ಯಾಸ್ ಪೆಟ್ರೋಲ್ ಅಲ್ಲ, ಓಡಿದಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆ ಆಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವುದು ಒಡೆದ ಕೊಡಕ್ಕೆ ನೀರು ಹಾಕಿದಂತೆ. ಜಾಸ್ತಿ ಬಳಸುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಐದು ನಿಮಿಷದ ಕೆಲಸ.

ಮಳೆಗಾಲದ ಸೆಕೆ ಬೇರೆ ಜಾತಿಯದು. ಅಲ್ಲಿ ಕಾಡುವುದು ಬಿಸಿಗಿಂತ ಜಾಸ್ತಿ ಗಾಳಿಯ ತೇವ. ತಮಾಷೆ ಅಂದರೆ ಎಸಿ ಹುಟ್ಟಿದ್ದೇ ಈ ಕಾರಣಕ್ಕೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವು. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯೇ ಇವತ್ತಿನ ಎಸಿಯ ಅಜ್ಜ. ಮನುಷ್ಯರ ಬೆವರು ಆಮೇಲಿನ ಮಾತು! ಹಾಗಾಗಿ ಜಿನುಗುಮಳೆಯ ದಿನ ರಿಮೋಟಿನಲ್ಲಿ ತೇವ ತೆಗೆಯುವ ಡ್ರೈ ಮೋಡ್ ಒತ್ತಿ ನೋಡಿ. ಕೋಣೆಗೆ ಅಳತೆ ಮೀರಿದ ಎಸಿ ಹಾಕಿಸುವುದೂ ತಪ್ಪೇ. ಅದು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ. ಚಳಿ ಇದ್ದರೂ ಮೈ ಅಂಟು ಅಂಟು.

ಮಳೆನೀರು ಬಿದ್ದರೆ ಹೊರಗಿನ ಡಬ್ಬಕ್ಕೆ ಏನೂ ಆಗುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ನೆಲದಲ್ಲಿ ನೀರು ನಿಂತು ಡಬ್ಬ ಮುಳುಗಿದರೆ ಮಾತ್ರ ಭಯ ಪಡಿ. ಒಣಗಿದಂತೆ ಕಂಡರೂ ತಿಳಿದವರು ಬಿಚ್ಚಿ ನೋಡುವ ತನಕ ಸ್ವಿಚ್ ಮುಟ್ಟಬೇಡಿ. ಗುಡುಗು ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಕರೆಂಟ್ ಹೋಗಿ ಬಂದ ಮೇಲೆ ಎಸಿ ಎರಡು ಮೂರು ನಿಮಿಷ ಸುಮ್ಮನಿದ್ದರೆ ಗಾಬರಿಯಾಗಿ ಮತ್ತೆ ಮತ್ತೆ ಒತ್ತಬೇಡಿ. ಕೊಳವೆಯೊಳಗಿನ ಒತ್ತಡ ಸಮ ಆಗಲಿ ಅಂತ ಅದು ಕಾಯುತ್ತಿರುತ್ತದೆ.